ಸಮುದ್ರಕ್ಕೆ ಹೊರಟ ಗಾಣದೆತ್ತು

ಅದಕ್ಕೆ ಗೊತ್ತಿತ್ತೋ ಇಲ್ಲವೋ? ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಟಿಸುತ್ತಿತ್ತೋ? ನಟಿಸುವುದಾದರೆ ಯಾರಿಗಾಗಿ? ಗಾಣಿಗರ ಗುರುಲಿಂಗಪ್ಪನ ಅಂಗಳದ ಕಲ್ಲಿನ ಮೇಲೆ ಕೂತು ನಾನು ಸಂಜೆಯೆಲ್ಲ ಇದನ್ನೇ ಯೋಚಿಸುತ್ತಿದ್ದೆ. ಎದುರಿಗೆ ಅವನ ಹಂಡ ಎತ್ತು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಗಾಣದ ಸುತ್ತ ನಡೆಯುತ್ತಿತ್ತು. ನಡೆಯುತ್ತ ನಡೆಯುತ್ತ, ತಾನು ದಾಟಿ ಬಂದ ಊರುಗಳ ವರ್ತಮಾನ ಹೇಳುತ್ತಿತ್ತು. ನಿನ್ನೆ ತಂಗಿದ ಊರಿನ ನೀರು ಸ್ವಲ್ಪ ಉಪ್ಪು, ಸಮುದ್ರ ಹತ್ತಿರವಾಗುತ್ತಿರಬೇಕು ಎನ್ನುತ್ತಿತ್ತು. ಮೊನ್ನೆ ದಾಟಿದ ಊರಿನಲ್ಲಿ ಯಾರದೋ ಮದುವೆಯಿತ್ತು, ಓಲಗ ಕೇಳಿಸಿತು, ಊಟಕ್ಕೆ ಮಾತ್ರ ಯಾರೂ ಕರೆಯಲಿಲ್ಲ ಎನ್ನುತ್ತಿತ್ತು. ಆ ಮದುವೆ ನಡೆದದ್ದು ಹಿಂದಿನ ಬೀದಿಯಲ್ಲಿ. ಊಟಕ್ಕೆ ನನ್ನನ್ನೂ ಕರೆದಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಗುರುಲಿಂಗಪ್ಪ ನೊಗ ಕಳಚಿ ಎತ್ತನ್ನು ಕೊಟ್ಟಿಗೆಗೆ ನಡೆಸಿಕೊಂಡು ಹೋಗುತ್ತಿದ್ದ. ಕೊಟ್ಟಿಗೆಯ ಬಾಗಿಲಿಗೆ ಗೋಣಿತಾಟು ಇಳಿಬಿಟ್ಟ ಮೇಲೆಯೇ ಕಣ್ಣಿನ ಬಟ್ಟೆ ಬಿಚ್ಚುತ್ತಿದ್ದ. ಬೆಳಿಗ್ಗೆ ಮತ್ತೆ ಅಲ್ಲಿಯೇ ಕಟ್ಟಿ ಹೊರಗೆ ತರುತ್ತಿದ್ದ. ಅವನ ಅಪ್ಪನ ಕಾಲದಿಂದಲೂ ಹಾಗೆಯೇ. ಆದ್ದರಿಂದ ಎತ್ತು ಆ ಕೊಟ್ಟಿಗೆಯನ್ನು ದಾರಿಯ ಛತ್ರವೆಂದು ತಿಳಿದಿತ್ತು, ದಿನಕ್ಕೊಂದು ಛತ್ರ. "ಈ ದಾರಿಯ ಛತ್ರಗಳನ್ನೆಲ್ಲ ಒಬ್ಬನೇ ಗುತ್ತಿಗೆದಾರ ಕಟ್ಟಿರಬೇಕು," ಎಂದು ಅದು ಒಮ್ಮೆ ನನಗೆ ಹೇಳಿತು. "ಎಲ್ಲ ಕಡೆಯೂ ಮೂಲೆಯ ಹಂಚು ಒಡೆದಿರುತ್ತೆ." ಇದನ್ನು ಹೇಳುವಾಗ ಅದರ ದನಿಯಲ್ಲಿ ನಗುವಿತ್ತೇ ಎಂದು ನಾನು ರಾತ್ರಿಯೆಲ್ಲ ಹಾಸಿಗೆಯಲ್ಲಿ ಹೊರಳಾಡಿದ್ದೆ. ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತವನಿಗೆ ಇಂಥ ಪ್ರಶ್ನೆಗಳಿಗೆ ಸಮಯ ಬೇಕಾದಷ್ಟು ಸಿಗುತ್ತದೆ.

ನಮ್ಮೂರಿನಲ್ಲಿ ಪ್ರಾಣಿಗಳು ಮಾತಾಡುತ್ತವೆ. ಹೊರಗಿನವರು ಇದನ್ನು ದೊಡ್ಡ ಸಂಗತಿಯೆಂದು ತಿಳಿದು ಬರುತ್ತಾರೆ. ಅವು ಏನು ಮಾತಾಡುತ್ತವೆಂದು ಕೇಳಿಸಿಕೊಂಡ ಮೇಲೆ ಸುಮ್ಮನೆ ವಾಪಸು ಹೋಗುತ್ತಾರೆ. ಕೋಳಿಗಳದ್ದು ಕಾಳಿನ ಮಾತು, ಬೆಕ್ಕುಗಳದ್ದು ದೂರು. ತಿಥಿಯ ದಿನ ಪಿಂಡಕ್ಕೆ ಬಂದ ಕಾಗೆ ಅನ್ನ ಬೆಂದಿಲ್ಲ ಅಂದುಬಿಟ್ಟರೆ ಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಸೊಳ್ಳೆಗೆ ಬರುವುದು 'ಒಂದೇ ಹನಿ' ಎಂಬ ಒಂದು ಮಾತು. ಅದನ್ನು ಕೇಳಿಸಿಕೊಂಡೂ ನಾವು ಎರಡು ಕೈ ಸೇರಿಸಿ ತಟ್ಟುತ್ತೇವೆ. ಪರಿಚಯವಾದವರನ್ನು ತಿನ್ನಬಾರದೆಂಬ ಕಟ್ಟಳೆ ಮಾತ್ರ ಬಿಗಿಯಾಗಿದೆ. ಅದಕ್ಕೇ ಕಟುಕರ ಧೋಂಡಿಬಾ ಕುರಿಗಳನ್ನು ಹೊರಗಿನಿಂದ ತರಿಸುತ್ತಾನೆ. ಹೊರಗಿನವು ಮೂಕವಾಗಿಯೇ ಬರುತ್ತವೆ, ಆದರೆ ಇಲ್ಲಿಯ ನೀರು ಕುಡಿದು ಎರಡು ದಿನವಾದರೆ ಅವಕ್ಕೂ ಬಾಯಿ ಬರುತ್ತದೆ. ಧೋಂಡಿಬಾ ಅಷ್ಟರೊಳಗೆ ಕೆಲಸ ಮುಗಿಸಬೇಕು. ಕತ್ತಿ ಮಸೆಯುವಾಗ ಯಾವುದಾದರೂ ಕುರಿ ನಮಸ್ಕಾರ ಎಂದುಬಿಟ್ಟರೆ ಅವನು ಹಣೆ ಚಚ್ಚಿಕೊಂಡು ಹಗ್ಗ ಬಿಚ್ಚುತ್ತಾನೆ. ಸರಿಯಾದ ಹೊತ್ತಿಗೆ ನಮಸ್ಕಾರ ಹೇಳಿದ ಇಂಥ ಮುದಿ ಕುರಿಗಳು ನಮ್ಮ ಮಾರುಕಟ್ಟೆಯಲ್ಲಿ ಪಿಂಚಣಿದಾರರ ಹಾಗೆ ಓಡಾಡಿಕೊಂಡಿವೆ.

ಇಂಥ ಊರಿಗೆ ಮಂದಾಕಿನಮ್ಮನವರು ಬಂದು ಮೂಕಪ್ರಾಣಿ ಹಕ್ಕು ಸಮಿತಿಯನ್ನು ಕಟ್ಟಿದರು. ಗಂಡ ದೊಡ್ಡ ಹುದ್ದೆಯಿಂದ ನಿವೃತ್ತರಾದ ಮೇಲೆ ಇಲ್ಲಿ ಬಂದು ನೆಲೆಸಿದವರು. ಗಟ್ಟಿಯಾದ ಕಂಠ, ಇಸ್ತ್ರಿ ಮಾಡಿದ ರೇಷ್ಮೆ ಸೀರೆ, ಎಲ್ಲ ಕಚೇರಿಗಳಲ್ಲೂ ಪರಿಚಯ. ಪುರಭವನದ ಉದ್ಘಾಟನೆಯ ದಿನ ಅವರು ವೇದಿಕೆಯಲ್ಲಿ ನಿಂತು, ದನಿಯಿಲ್ಲದವರಿಗೆ ನಾವು ದನಿಯಾಗಬೇಕು ಎಂದರು. ನೆರಳಿಗೆಂದು ಬಾಗಿಲ ಬಳಿ ಬಂದು ನಿಂತಿದ್ದ ಒಂದು ಎಮ್ಮೆ, ಫ್ಯಾನು ಇನ್ನೊಂಚೂರು ಜೋರು ಮಾಡಿ ಎಂದಿತು. ಸಭೆಯೆಲ್ಲ ನಕ್ಕಿತು. ಮಂದಾಕಿನಮ್ಮನವರು ನಗಲಿಲ್ಲ.

ಮುಂದಿನ ಸಭೆಯಲ್ಲಿ ಈ ವಿಷಯ ಇತ್ಯರ್ಥವಾಯಿತು. ಪ್ರಾಣಿಗಳು ಮಾಡುವುದು ಮಾತಿನಂತೆ ಕೇಳಿಸುವ ಶಬ್ದವೇ ಹೊರತು ಮಾತಲ್ಲ. ಅದನ್ನು ಮಾತೆಂದು ತಿಳಿಯುವುದು ಮನುಷ್ಯನ ಅಹಂಕಾರ. ಅವುಗಳ ನಿಜವಾದ ನೋವು ಮೌನದಲ್ಲಿದೆ, ಅದನ್ನು ಕೇಳಿಸಿಕೊಳ್ಳಲು ಸಮಿತಿಯವರಂಥ ಹೃದಯ ಬೇಕು. ಅಂದಿನಿಂದ ಸದಸ್ಯರು ದಾರಿಯಲ್ಲಿ ಯಾವ ಪ್ರಾಣಿ ಮಾತಾಡಿಸಿದರೂ ಮುಖ ತಿರುಗಿಸಿಕೊಂಡು ಕರುಣೆಯಿಂದ ನಿಟ್ಟುಸಿರು ಬಿಡತೊಡಗಿದರು. ಮಂದಾಕಿನಮ್ಮನವರ ಮಡಿಲಲ್ಲಿ ಪ್ರಿನ್ಸ್ ಎಂಬ ಬಿಳಿ ನಾಯಿಮರಿ ಇರುತ್ತಿತ್ತು. ಬೇಸಿಗೆಯಲ್ಲೂ ಅದಕ್ಕೆ ಉಣ್ಣೆಯ ಅಂಗಿ. ಬಿಸಿ, ಅಮ್ಮಾ, ಬಿಚ್ಚು, ಬಿಚ್ಚು ಎಂದು ಅದು ಎಡೆಬಿಡದೆ ಗೋಗರೆಯುತ್ತಿತ್ತು. ಮಾತಲ್ಲದ ಆ ಶಬ್ದದಲ್ಲಿ ಅವರಿಗೆ 'ಅಮ್ಮಾ' ಎಂಬುದೊಂದು ಮಾತ್ರ ಕೇಳಿಸುತ್ತಿತ್ತು. ನೋಡಿ, ಎಷ್ಟು ಪ್ರೀತಿ ಇವನಿಗೆ ಎಂದು ಅಂಗಿಯ ಮೇಲಿನ ಗುಂಡಿಯನ್ನೂ ಹಾಕುತ್ತಿದ್ದರು.

ನಾನು ಆ ಸಮಿತಿಯ ಕಾರ್ಯದರ್ಶಿಯಾದೆ. ಶಿಫಾರಸು ಮಾಡಿದವಳು ನನ್ನ ಸೋದರತ್ತೆ. ಮಂದಾಕಿನಮ್ಮನವರು ನನಗೆ ಪ್ರಶ್ನೆಗಳನ್ನು ಕೇಳಿ, ತಾವೇ ಉತ್ತರವನ್ನೂ ಹೇಳಿ, ನಾನು ತಲೆಯಾಡಿಸಿದ್ದನ್ನು ನೋಡಿ, ವಾಮನ, ನಿನ್ನ ಮೌನ ನನಗೆ ಹಿಡಿಸಿತು ಎಂದರು. ನನ್ನ ಮೌನ ಯಾರಿಗಾದರೂ ಹಿಡಿಸಿದ್ದು ಅದೇ ಮೊದಲು. ಕಾಲೇಜಿನಲ್ಲಿ ಅದಕ್ಕೆ ಸೊಕ್ಕು ಎನ್ನುತ್ತಿದ್ದರು, ಮನೆಯಲ್ಲಿ ಸೋಮಾರಿತನ.

ಸಮಿತಿ ಮೊದಲಿಗೆ ಯಾವ ಪ್ರಾಣಿಯನ್ನು ಬಿಡಿಸಬೇಕೆಂಬುದು ದೊಡ್ಡ ಚರ್ಚೆಯಾಯಿತು. ಧೋಂಡಿಬಾನ ಹೆಸರು ಬಂದಾಗ ಖಜಾಂಚಿ ಅನಂತಯ್ಯ ಕೆಮ್ಮಿದರು. ಅವರ ಹೋಟೆಲಿನ ಹಿಂದಿನ ಕೋಣೆಯಲ್ಲಿ ಭಾನುವಾರ ಯಾರು ಯಾರು ಊಟಕ್ಕೆ ಕೂರುತ್ತಾರೆಂಬುದು ಸಭೆಯಲ್ಲಿದ್ದ ಅರ್ಧದಷ್ಟು ಜನಕ್ಕೆ ಸ್ವಂತ ಅನುಭವದಿಂದಲೇ ಗೊತ್ತಿತ್ತು. ಹೋಟೆಲಿನ ಎಮ್ಮೆಗಳ ಮಾತು ಯಾರೂ ಎತ್ತಲಿಲ್ಲ. ಕರು ಸತ್ತ ಎಮ್ಮೆಯ ಮುಂದೆ ಹುಲ್ಲು ತುಂಬಿದ ಆ ಕರುವಿನ ತೊಗಲು ನಿಲ್ಲಿಸಿ ಹಾಲು ಕರೆಯುತ್ತಿದ್ದರು. ಆ ಎಮ್ಮೆ ತೊಗಲಿನ ಹತ್ತಿರ ದಿನವೂ ಒಂದೇ ಮಾತು ಕೇಳುತ್ತಿತ್ತು, ಯಾಕೋ ಮಗಾ ಮಾತಾಡಲ್ಲ. ಅದು ಶಬ್ದವೆಂದು ಇತ್ಯರ್ಥವಾಗಿತ್ತಲ್ಲ. ಮಂದಾಕಿನಮ್ಮನವರ ತಮ್ಮನ ರೇಷ್ಮೆ ಅಂಗಡಿಯ ಬಗ್ಗೆ ಹೇಳುವಷ್ಟು ಒರಟರೂ ಅಲ್ಲಿರಲಿಲ್ಲ. ಕೊನೆಗೆ ಯಾರೋ ಗುರುಲಿಂಗಪ್ಪನ ಗಾಣದೆತ್ತಿನ ಹೆಸರು ಹೇಳಿದರು. ಎಲ್ಲರ ಮುಖವೂ ಅರಳಿತು. ಕಣ್ಣಿಗೆ ಬಟ್ಟೆ ಕಟ್ಟಿದ ಪ್ರಾಣಿ ಪತ್ರಿಕೆಯಲ್ಲಿ ಚೆನ್ನಾಗಿ ಬರುತ್ತದೆ. ಗುರುಲಿಂಗಪ್ಪನ ಪರವಾಗಿ ಮಾತಾಡುವ ದೊಡ್ಡವರು ಯಾರೂ ಇರಲಿಲ್ಲ.

ಅವನೇನು ಸಾಧುವಲ್ಲ. ಎತ್ತು ನಿಧಾನ ಮಾಡಿದರೆ ಬಾರುಗೋಲು ಬೀಸುತ್ತಿದ್ದ, ಅದರ ಹೆಗಲ ಮೇಲೆ ಒಣಗದ ಗಾಯವೊಂದಿತ್ತು. ಕಣ್ಣು ಕಟ್ಟಿ ಮೋಸ ಮಾಡುತ್ತಿದ್ದವನೂ ಅವನೇ. ಆದರೆ ಗಾಣದ ಹಿಂದೆ ಕೂತು ಅವನು ಎತ್ತಿನ ಮಾತಿಗೆ ಹೂಂಗುಟ್ಟುತ್ತಿದ್ದ, ಆಮೇಲೆ ಯಾವ ಊರು ಬಂತು ಎಂದು ಕೇಳುತ್ತಿದ್ದ. ಅವನ ಹೆಂಡತಿ ನೀಲವ್ವ, ಇವನು ನನ್ನ ಜೊತೆ ಇಷ್ಟು ಮಾತಾಡಿದ್ದರೆ ನಾನೂ ಸಮುದ್ರದವರೆಗೆ ಹೋಗುತ್ತಿದ್ದೆ ಎನ್ನುತ್ತಿದ್ದಳು.

ಬಿಡುಗಡೆಯ ದಿನ ಸಮಿತಿ ಲಾರಿ, ಹಾರ, ಛಾಯಾಗ್ರಾಹಕ ಸಮೇತ ಗಾಣದ ಅಂಗಳಕ್ಕೆ ಬಂದಿತು. ಗುರುಲಿಂಗಪ್ಪ ಮೊದಲು ಕೈಮುಗಿದ, ಆಮೇಲೆ ಕೂಗಾಡಿದ, ಕೊನೆಗೆ ಇಷ್ಟೇ ಹೇಳಿದ: "ನನ್ನ ಮಾತು ಬೇಡ ಅಮ್ಮಾ. ಅದನ್ನೇ ಕೇಳಿ."

"ಮೂಕ ಪ್ರಾಣಿಯನ್ನ ಹೇಗಪ್ಪಾ ಕೇಳೋದು?" ಎಂದರು ಮಂದಾಕಿನಮ್ಮ, ತುಂಬ ಮೃದುವಾಗಿ.

ಎತ್ತು ನಿಂತಲ್ಲಿಂದಲೇ ಎಲ್ಲರಿಗೂ ನಮಸ್ಕಾರ ಹೇಳಿತು. ದಾರಿಯಲ್ಲಿ ಇಷ್ಟು ಜನ ಸಿಕ್ಕಿದ್ದು ಸಂತೋಷವೆಂದಿತು. ಆದರೆ ತನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳಬಾರದು, ನಾಳೆ ನಾಡಿದ್ದರಲ್ಲಿ ಸಮುದ್ರ ಬರುತ್ತದೆ, ಗುರುಲಿಂಗನಿಗೂ ಅದನ್ನು ತೋರಿಸುತ್ತೇನೆಂದು ಮಾತು ಕೊಟ್ಟಿದ್ದೇನೆ ಎಂದಿತು. ಸದಸ್ಯರು ಮುಖ ತಿರುಗಿಸಿ ನಿಟ್ಟುಸಿರು ಬಿಟ್ಟರು. ಮಂದಾಕಿನಮ್ಮನವರು ಕ್ಯಾಮೆರಾದ ಕಡೆ ನೋಡುತ್ತ ಕಣ್ಣಿನ ಬಟ್ಟೆಯ ಗಂಟಿಗೆ ಕೈ ಹಾಕಿದರು. ನಾನು ಎತ್ತಿನ ಕಾಲ ಕೆಳಗೆ ನೋಡಿದೆ. ನಡೆದೂ ನಡೆದೂ ಅಲ್ಲಿ ಬಳೆಯಂತೆ ದುಂಡಗಿನ ಹಳ್ಳ ಬಿದ್ದಿತ್ತು. ಇಷ್ಟು ವರ್ಷಗಳ ದಾರಿಯೆಲ್ಲ ಅಷ್ಟೇ.

ಸಮಿತಿಯಲ್ಲಿ ನಾನು ಬಾಯಿಬಿಟ್ಟು ಕೊಟ್ಟ ಸಲಹೆ ಅದೊಂದೇ. ಎತ್ತನ್ನು ಇಡಲು ಸಮಿತಿ ಕಟ್ಟಿಸಿದ್ದ ಧಾಮದ ಬೋರ್ಡಿನ ಮುಂದೆ ಬಟ್ಟೆ ಬಿಚ್ಚಿದರೆ ಸಮಿತಿಯ ಹೆಸರೂ ಫೋಟೋದಲ್ಲಿ ಬರುತ್ತದಲ್ಲ ಎಂದೆ. ಛಾಯಾಗ್ರಾಹಕ ಒಪ್ಪಿದ. ಮಂದಾಕಿನಮ್ಮನವರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಎತ್ತು ಕಣ್ಣು ಕಟ್ಟಿಕೊಂಡೇ ಲಾರಿ ಹತ್ತಿತು.

ವಿಮೋಚನಾ ಧಾಮವೆಂದರೆ ಊರ ಅಂಚಿನಲ್ಲಿ ಗೋಡೆ ಎತ್ತಿದ ಒಂದು ಬಯಲು, ನಡುವೆ ಒಂದು ತಗಡಿನ ಮಾಡು. ಸ್ವತಂತ್ರ ಪ್ರಾಣಿ ಓಡಿಹೋಗಬಾರದೆಂದು ಅದನ್ನು ಗೂಟಕ್ಕೆ ಕಟ್ಟಿದರು. ಪ್ರಾಣಿಗಳೊಂದಿಗೆ ಮಾತಾಡಬಾರದು ಎಂದು ಗೋಡೆಯ ಮೇಲೆ ಬರೆಸಿದ್ದರು. ಹುಲ್ಲು ಯಥೇಚ್ಛವಾಗಿತ್ತು. ಮೊದಲ ದಿನ ಎತ್ತು ಸುತ್ತಲೂ ನೋಡಿ, ಈ ಛತ್ರ ಬೇರೆ ಥರ ಇದೆ, ಗುತ್ತಿಗೆದಾರ ಬದಲಾಗಿರಬೇಕು ಎಂದಿತು. ಬೆಳಿಗ್ಗೆ ಹೊರಡುವುದು ಎಷ್ಟು ಹೊತ್ತಿಗೆ ಎಂದು ಹುಲ್ಲು ಹಾಕುವವನನ್ನು ಕೇಳಿತು. ಅವನು ಗೋಡೆಯ ಮೇಲಿನ ಬರಹದ ಕಡೆ ನೋಡಿ ಸುಮ್ಮನೆ ಹೋದ. ಗುರುಲಿಂಗನನ್ನು ಬಿಟ್ಟು ಬಂದೆವಲ್ಲ, ಅವನು ದಾರಿ ಕೇಳಿಕೊಂಡು ಬರುತ್ತಾನಾ ಎಂದು ನನ್ನನ್ನು ಕೇಳಿತು. ಬರುತ್ತಾನೆ ಎಂದೆ. ಕೆಲವು ದಿನಗಳ ಮೇಲೆ ಅದು ಏನನ್ನೂ ಕೇಳುವುದನ್ನು ನಿಲ್ಲಿಸಿತು. ಹುಲ್ಲಿಗೆ ಬಾಯಿ ಹಾಕುವುದನ್ನೂ ನಿಲ್ಲಿಸಿತು.

ನನಗೆ ಮೌನ ಇಷ್ಟವೆಂದು ನಾನು ತಿಳಿದುಕೊಂಡಿದ್ದೆ. ಆ ತಗಡಿನ ಮಾಡಿನ ಕೆಳಗೆ ಕೂತಾಗ, ಮೌನಗಳಲ್ಲೂ ಜಾತಿಗಳಿವೆ ಅನ್ನಿಸಿತು. ಮಾತು ಬೇಡವಾಗಿ ಸುಮ್ಮನಿರುವುದು ಒಂದು. ಕೇಳುವವರಿಲ್ಲವೆಂದು ಸುಮ್ಮನಾಗುವುದು ಇನ್ನೊಂದು. ಎತ್ತು ಈಗ ಸಮಿತಿಗೆ ಬೇಕಾದಂಥ ಪ್ರಾಣಿಯಾಗಿತ್ತು.

ಇತ್ತ ಗಾಣ ನಿಲ್ಲಲಿಲ್ಲ. ಗುರುಲಿಂಗಪ್ಪನೇ ನೊಗಕ್ಕೆ ಹೆಗಲು ಕೊಟ್ಟ, ನೀಲವ್ವ ಹಿಂದಿನಿಂದ ತಳ್ಳಿದಳು. ಮಂದಾಕಿನಮ್ಮನವರ ಮನೆಯ ದೇವರ ದೀಪಕ್ಕೆ ಮೊದಲಿನಿಂದಲೂ ಅವನ ಗಾಣದ ಎಳ್ಳೆಣ್ಣೆಯೇ ಆಗಬೇಕು. ಮಿಲ್ಲಿನ ಎಣ್ಣೆಯ ದೀಪ ಅವರಿಗೆ ದೀಪವೇ ಅಲ್ಲ. ಮನುಷ್ಯರು ಗಾಣ ಎಳೆಯುತ್ತಿರುವುದನ್ನು ಕಂಡು ಅವರಿಗೆ ಕಣ್ಣು ತುಂಬಿ ಬಂತು. ಇದಕ್ಕೆ ಅಹಿಂಸಾ ಎಣ್ಣೆಯೆಂದು ಹೆಸರಿಟ್ಟು, ಸದಸ್ಯರೆಲ್ಲ ಇದನ್ನೇ ಕೊಳ್ಳಬೇಕೆಂದು ಸಭೆಯಲ್ಲಿ ಹೇಳಿದರು. ಗುರುಲಿಂಗಪ್ಪನ ಹೆಗಲು ಒಡೆದು ನೀರು ಸೋರುತ್ತಿದೆಯಲ್ಲ ಎಂದು ಮುದುಕರೊಬ್ಬರು ಮೆಲ್ಲಗೆ ಕೇಳಿದರು. ಮಂದಾಕಿನಮ್ಮನವರು, ಅವನಿಗೆ ಬಾಯಿದೆಯಲ್ಲ, ಬೇಡವಾದರೆ ಬೇಡ ಅನ್ನಬಹುದು, ನಮ್ಮ ಸಮಿತಿ ಬಾಯಿಲ್ಲದವರಿಗೆ ಎಂದರು. ಬಾಯಿದ್ದ ಗುರುಲಿಂಗಪ್ಪ ಅಂಗಳದಲ್ಲಿ ಏನೇನು ಹೇಳಿದ್ದನೆಂಬುದು ಯಾರಿಗೂ ನೆನಪಾಗಲಿಲ್ಲ.

ಅಷ್ಟರಲ್ಲಿ ಪತ್ರಿಕೆಯವರು ಬಿಡುಗಡೆಯಾದ ಎತ್ತು ಈಗ ಹೇಗಿದೆಯೆಂದು ಬರೆಯಲು ಮತ್ತೆ ಬರುತ್ತೇವೆಂದು ಹೇಳಿಕಳಿಸಿದರು. ಎತ್ತಿನ ಪಕ್ಕೆಲುಬುಗಳನ್ನು ಆಗಲೇ ದೂರದಿಂದ ಎಣಿಸಬಹುದಾಗಿತ್ತು. ಪದಾಧಿಕಾರಿಗಳು ಬಾಗಿಲು ಹಾಕಿಕೊಂಡು ಮಾತಾಡಿದರು. ಗಾಣದಲ್ಲಿ ಹಾಳಾದ ದೇಹ, ನಾವೇನು ಮಾಡಲು ಸಾಧ್ಯ ಎಂದರು ಒಬ್ಬರು. ದೂರದ ದೊಡ್ಡ ಧಾಮಕ್ಕೆ ಕಳಿಸಿಬಿಡೋಣ, ನನಗೊಬ್ಬ ಗೊತ್ತಿರುವವನಿದ್ದಾನೆ, ನಾಳೆ ಸಂಜೆ ಲಾರಿ ತರುತ್ತಾನೆ ಎಂದರು ಅನಂತಯ್ಯ. ಆ ಗೊತ್ತಿರುವವನು ಧೋಂಡಿಬಾನಿಗೆ ಕುರಿ ತಂದು ಹಾಕಿ, ವಾಪಸು ಹೋಗುವಾಗ ಮುದಿ ದನಗಳನ್ನು ತುಂಬಿಕೊಂಡು ಹೋಗುವವನು. ಅವು ಹೋಗಿ ಸೇರುವ ಊರಿನಲ್ಲಿ ಯಾವ ಪ್ರಾಣಿಗೂ ಮಾತು ಬರುವುದಿಲ್ಲ. ಇದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪ್ರಿನ್ಸ್ ಮಾತ್ರ, ಪಾಪ ಎತ್ತು ಎಂದಿತು. ಮಂದಾಕಿನಮ್ಮನವರು ಅದರ ಬಾಯಿಗೆ ಒಂದು ಬಿಸ್ಕತ್ತು ಇಟ್ಟರು.

ಮರುದಿನ ಮಧ್ಯಾಹ್ನ, ಊರೆಲ್ಲ ಉಂಡು ಮಲಗಿದ್ದ ಹೊತ್ತಿನಲ್ಲಿ ನಾನು ಧಾಮಕ್ಕೆ ಹೋದೆ. ಹುಲ್ಲು ಹಾಕುವವನು ಹುಲ್ಲಿನ ಮೇಲೆಯೇ ನಿದ್ದೆ ಹೋಗಿದ್ದ. ಎತ್ತು ಗೋಡೆಗೆ ಮುಖ ಮಾಡಿ ಮಲಗಿತ್ತು. ನನ್ನ ಹೆಗಲ ಮೇಲಿನ ಟವೆಲು ತೆಗೆದು ಅದರ ಕಣ್ಣಿಗೆ ಕಟ್ಟಿದೆ. ಗುರುಲಿಂಗಪ್ಪ ಮಾಡುತ್ತಿದ್ದುದನ್ನೇ ಈಗ ನಾನೂ ಮಾಡುತ್ತಿದ್ದೆ. ಕಟ್ಟಿದ್ದೇ ತಡ, ಎತ್ತು ಕಿವಿ ನೆಟ್ಟಗೆ ಮಾಡಿತು.

"ಹೊರಟೆವಾ?" ಎಂದಿತು.

ಹೊರಟೆವು ಎಂದೆ.

ಧಾಮದಿಂದ ಪೇಟೆಗೆ ರಸ್ತೆ ನೇರವಾಗಿದೆ. ಸ್ವಲ್ಪ ದೂರ ಬರುವಷ್ಟರಲ್ಲಿ ಎತ್ತು ಗಾಬರಿಗೊಂಡಿತು. ಇದೆಂಥ ರಸ್ತೆ, ತಿರುಗುವುದೇ ಇಲ್ಲವಲ್ಲ, ದಾರಿ ತಪ್ಪಿದೆವೋ ಏನೋ ಎಂದು ನಿಂತೇಬಿಟ್ಟಿತು. ಎಳೆದರೂ ಬರಲಿಲ್ಲ. ಬದುಕಿನಲ್ಲಿ ಮೊದಲ ಬಾರಿ ಅದು ನಿಜವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯುತ್ತಿತ್ತು, ಅದೇ ಅದಕ್ಕೆ ತಪ್ಪಾಗಿ ಕಂಡಿತು. ಬೇರೆ ಉಪಾಯ ಕಾಣದೆ, ಸಿಕ್ಕಿದ ದೀಪದ ಕಂಬಗಳಿಗೆಲ್ಲ ಅದನ್ನು ಒಂದು ಸುತ್ತು ಹಾಕಿಸುತ್ತ ಬಂದೆ. ಬಸ್ ನಿಲ್ದಾಣದ ವೃತ್ತದಲ್ಲಿ ಮೂರ್ನಾಲ್ಕು ಸುತ್ತು ಹಾಕಿಸಿದ ಮೇಲೆ ಅದಕ್ಕೆ ಸಮಾಧಾನವಾಯಿತು. ಈಗ ಸರಿಯಾದ ದಾರಿಗೆ ಬಿದ್ದೆವು ಎಂದಿತು. ನಮಸ್ಕಾರ ಹೇಳಿ ಬದುಕಿದ್ದ ಮುದಿ ಕುರಿಯೊಂದು ಅಂಗಡಿಯ ನೆರಳಿನಲ್ಲಿ ಕೂತು ನಮ್ಮನ್ನೇ ನೋಡುತ್ತಿತ್ತು. ಓದಿದವನು ಎತ್ತಿಗೆ ಪ್ರದಕ್ಷಿಣೆ ಕಲಿಸ್ತಾವನೆ ಎಂದು ಪಕ್ಕದ ಕುರಿಗೆ ಹೇಳಿತು.

ಗಾಣದ ಅಂಗಳದಲ್ಲಿ ಗುರುಲಿಂಗಪ್ಪ ನೊಗದಲ್ಲಿದ್ದ. ನನ್ನನ್ನು ಕಂಡ, ಎತ್ತನ್ನು ಕಂಡ. ನೊಗದಿಂದ ಹೆಗಲು ತೆಗೆದು ಬಂದು ಅದರ ಹಿಣಿಲಿನ ಮೇಲೆ ಕೈ ಇಟ್ಟ. ಎತ್ತು ಮೂಸಿ ನೋಡಿ, ಗುರುಲಿಂಗಾ, ನೀನು ಮುಂದೆ ಬಂದುಬಿಟ್ಟಿದ್ದೆಯಾ, ನಾನು ಹಿಂದಿನ ಛತ್ರದಲ್ಲಿ ನಿನಗಾಗಿ ಕಾಯುತ್ತಿದ್ದೆ ಎಂದಿತು. ನೀಲವ್ವ ಮೂಗು ಒರೆಸಿಕೊಂಡು ಹಿಂಡಿ ಕಲಸಲು ಒಳಗೆ ಹೋದಳು. ಅಂದು ಎತ್ತು ಎರಡು ಬುಟ್ಟಿ ತಿಂದಿತು. ಮೈ ಚೇತರಿಸಿಕೊಳ್ಳುವವರೆಗೆ ಗುರುಲಿಂಗಪ್ಪ ಅದಕ್ಕೆ ಭಾರ ಹಾಕಲಿಲ್ಲ. ತಾನೇ ನೊಗ ಎಳೆಯುತ್ತ ಅದನ್ನು ಪಕ್ಕದಲ್ಲಿ ಸುಮ್ಮನೆ ನಡೆಸಿಕೊಂಡ.

ಲಾರಿ ಖಾಲಿ ಹೋದದ್ದನ್ನು ಅನಂತಯ್ಯ ಯಾರಿಗೂ ಹೇಳುವಂತಿರಲಿಲ್ಲ. ಪತ್ರಿಕೆಯವರಿಗೆ ಮಂದಾಕಿನಮ್ಮನವರು ಆಗಲೇ, ಎತ್ತು ದೂರದ ಧಾಮವನ್ನು ಕ್ಷೇಮವಾಗಿ ಸೇರಿದೆ, ಅಲ್ಲಿ ಕರುವಿನಂತೆ ಜಿಗಿಯುತ್ತಿದೆ ಎಂದು ತಿಳಿಸಿಯಾಗಿತ್ತು. ಶುಕ್ರವಾರ ಅವರು ಎಂದಿನಂತೆ ಪ್ರಿನ್ಸನ್ನು ಎತ್ತಿಕೊಂಡು ಎಣ್ಣೆಗೆ ಬಂದರು. ನಾನು ಕಲ್ಲಿನ ಮೇಲೆ ಕೂತಿದ್ದೆ. ಅವರ ದನಿ ಕೇಳಿದ್ದೇ ಎತ್ತು ನಡೆಯುವುದನ್ನು ನಿಲ್ಲಿಸಿತು.

"ಅಮ್ಮಾ, ನೀವೂ ಇಷ್ಟು ದೂರ ಬಂದಿರಾ?" ಎಂದಿತು. "ನಿಮ್ಮ ಛತ್ರದ ಹುಲ್ಲು ಚೆನ್ನಾಗಿತ್ತು. ಯಾರೂ ಮಾತಾಡಿಸಲಿಲ್ಲ, ಅಷ್ಟೇ."

ಮಂದಾಕಿನಮ್ಮನವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಅವರು ನನ್ನ ಕಡೆ ನೋಡಿದರು. ನಾನು ಅವರು ಮೆಚ್ಚಿದ್ದ ಮೌನದಲ್ಲಿಯೇ ಇದ್ದೆ. ನೀಲವ್ವ ಎಣ್ಣೆಯ ತಂಬಿಗೆ ತುಂಬಿಸುತ್ತ ತಲೆ ಎತ್ತದೆ, "ಏನೋ ಶಬ್ದ ಮಾಡ್ತು ಬಿಡ್ರಮ್ಮಾ. ಮೂಕ ಪ್ರಾಣಿ, ಅದಕ್ಕೇನು ಗೊತ್ತಾಗ್ತದೆ," ಎಂದಳು.

ಹೊಸ ಎತ್ತೇ ಎಂದು ಮಂದಾಕಿನಮ್ಮನವರು ಕೇಳಿದರು. ಹೊಸದೇ ಎಂದಳು ನೀಲವ್ವ. ಅವರು ತಂಬಿಗೆ ತೆಗೆದುಕೊಂಡು, ನಿಟ್ಟುಸಿರು ಬಿಡುವುದನ್ನೂ ಮರೆತು, ಗೇಟು ದಾಟಿ ಹೋದರು. ಅವರ ಹೆಗಲ ಮೇಲಿಂದ ಪ್ರಿನ್ಸ್ ಹಿಂದಿರುಗಿ ನೋಡಿ, ಹಳೇದು, ಹಳೇದು ಎನ್ನುತ್ತಲೇ ಇತ್ತು. ಮುಂದಿನ ವಾರ ನನ್ನ ಜಾಗಕ್ಕೆ ಇನ್ನೂ ಕಡಿಮೆ ಮಾತಾಡುವ ಒಬ್ಬ ಹುಡುಗಿ ಬಂದಳು. ಸಮಿತಿ ಈಗ ಗಿಳಿಶಾಸ್ತ್ರದವನ ಹಿಂದೆ ಬಿದ್ದಿದೆ ಎಂದು ಕೇಳುತ್ತೇನೆ.

ನಾನು ಈಗಲೂ ಸಂಜೆ ಅಲ್ಲಿಗೆ ಹೋಗುತ್ತೇನೆ. ಗುರುಲಿಂಗಪ್ಪ ಬಾರುಗೋಲು ಬೀಸುವುದನ್ನು ಬಿಟ್ಟಿಲ್ಲ, ಕಡಿಮೆ ಮಾಡಿದ್ದಾನೆ. ಹೆಗಲು ಇಬ್ಬರದೂ ಹುಣ್ಣಾಗಿದೆ, ಒಂದೇ ಬೇವಿನೆಣ್ಣೆ ಇಬ್ಬರೂ ಹಚ್ಚಿಕೊಳ್ಳುತ್ತಾರೆ. ಮೊನ್ನೆ ಎತ್ತು ನನ್ನ ಹತ್ತಿರ ಬಂದಾಗ ನಡಿಗೆ ನಿಧಾನ ಮಾಡಿತು. ಗುರುಲಿಂಗಪ್ಪನಿಗೆ ಕೇಳಿಸದಂತೆ, ಗುಟ್ಟಿನ ದನಿಯಲ್ಲಿ, ನೀನು ಓದಿದವನು, ನಿಜ ಹೇಳು, ಸಮುದ್ರ ಇನ್ನೆಷ್ಟು ದೂರ ಎಂದು ಕೇಳಿತು. ಟವೆಲಿನ ಹಿಂದೆ ಅದರ ಕಣ್ಣುಗಳು ತೆರೆದಿದ್ದವೋ ಮುಚ್ಚಿದ್ದವೋ ನನಗೆ ಕಾಣಲಿಲ್ಲ. ಹತ್ತಿರ ಬಂದೆವು ಎಂದೆ. ಅದು ಹೂಂಗುಟ್ಟಿ ಮುಂದೆ ನಡೆಯಿತು, ಸುತ್ತಿ ಮತ್ತೆ ನನ್ನ ಎದುರಿಗೇ ಬಂತು, ಮತ್ತೆ ಹೋಯಿತು. ನಮ್ಮೂರಿನಿಂದ ಸಮುದ್ರಕ್ಕೆ ದಾರಿಯೇ ಇಲ್ಲ ಎಂದು ನಾನು ಅದಕ್ಕೆ ಹೇಳಲಿಲ್ಲ.